ಕಿವಿಗೆ ನಾಟಕ, ಕೈಗೆ ಪೆನ್ನು: ಆರೋಗ್ಯಕ್ಕಾಗಿ ಕಲೆ ಮಾಡುವ ಎರಡು ಕೆಲಸ



ಆರೋಗ್ಯ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆ, ಚೀಟಿ, ಸೂಜಿ, ಮಾತ್ರೆ. ಕಲೆ ಎಂದ ಕೂಡಲೇ ನೆನಪಾಗುವುದು ಕಾಲೇಜು ವಾರ್ಷಿಕೋತ್ಸವ. ಎರಡಕ್ಕೂ ಸಂಬಂಧವಿಲ್ಲ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ವಿಜ್ಞಾನ ವಿಭಾಗದವರು ಡಾಕ್ಟರಾಗಬೇಕು, ನಮ್ಮಂಥ ಕಲಾ ವಿಭಾಗದವರು ಪ್ರಬಂಧ ಬರೆಯಬೇಕು, ಅಷ್ಟೇ ಎನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ನಮ್ಮ ಗೋಣಿಬೀಡಿನ ಕಡೆ 'ರೈಟರ್' ಎಂದರೆ ತೋಟದಲ್ಲಿ ಆಳುಗಳ ಹಾಜರಿ ಬರೆಯುವವರು. ಬರವಣಿಗೆಗೂ ಕಾಯಿಲೆ ವಾಸಿಯಾಗುವುದಕ್ಕೂ ಏನು ನಂಟು ಎಂದು ಕೇಳಿದರೆ ನಗುವವರೇ ಹೆಚ್ಚು.

ಆದರೆ ನಂಟು ಇದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಒಂದು ದೊಡ್ಡ ವರದಿಯನ್ನು ಹೊರತಂದಿತು. ಸಂಗೀತ, ನಾಟಕ, ಚಿತ್ರ, ನೃತ್ಯ, ಓದು, ಬರಹಗಳಿಂದ ಆರೋಗ್ಯದ ಮೇಲೆ ಏನು ಪರಿಣಾಮವಾಗುತ್ತದೆ ಎಂದು ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಅದರಲ್ಲಿ ಒಟ್ಟುಗೂಡಿಸಿದ್ದರು. ಕಲೆಯ ಕೆಲಸವನ್ನು ಆ ವರದಿ ಎರಡು ಭಾಗ ಮಾಡಿ ನೋಡುತ್ತದೆ. ಮೊದಲನೆಯದು ಕಾಯಿಲೆ ಬಾರದಂತೆ ತಡೆಯುವುದಕ್ಕೆ ನೆರವಾಗುವುದು. ಎರಡನೆಯದು ಬಂದ ಕಾಯಿಲೆಯನ್ನು ನಿಭಾಯಿಸುವುದಕ್ಕೆ ನೆರವಾಗುವುದು. ನಾನು ಇದನ್ನು ನಮ್ಮ ಮಾತಿನಲ್ಲಿ ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಹೊರಗಿರುವ ಸರಿಯಾದ ಮಾತನ್ನು ಜನರ ಕಿವಿಯೊಳಗೆ ತಲುಪಿಸುವುದು ಒಂದು ಕೆಲಸ, ಮನಸ್ಸಿನೊಳಗೆ ಸಿಕ್ಕಿಕೊಂಡ ಮಾತನ್ನು ಹೊರಗೆ ತರುವುದು ಇನ್ನೊಂದು ಕೆಲಸ. ಎರಡಕ್ಕೂ ನಮ್ಮ ನಾಡಿನಲ್ಲೇ ಉದಾಹರಣೆಗಳಿವೆ. ಅವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಒಂದು ಹೆಸರು ಮಾಡುವ ಗೊಂದಲ

ಮಂಗನ ಕಾಯಿಲೆಯಿಂದ ಆರಂಭಿಸುತ್ತೇನೆ. ಮಲೆನಾಡಿನವರಾದ ನಮಗೆ ಇದರ ಹೆಸರು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಪರೀಕ್ಷಿಸಿದಾಗ ಅದು ಹೊಸ ವೈರಸ್ ಎಂದು ಗೊತ್ತಾಯಿತು. ಆ ಕಾಡಿನ ಹೆಸರೇ ಕಾಯಿಲೆಗೂ ಬಂದು ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ಕೆ.ಎಫ್.ಡಿ. ಎಂದಾಯಿತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲ್ಲೂಕುಗಳಲ್ಲೂ ಈ ಕಾಯಿಲೆ ಕಾಣಿಸಿಕೊಂಡಿದೆ.

ಈ ಹೆಸರನ್ನೇ ಸ್ವಲ್ಪ ಗಮನಿಸಿ. ಮಂಗನ ಕಾಯಿಲೆ ಎಂದು ಕೇಳಿದವರು ಮಂಗ ಕಚ್ಚಿದರೆ ಬರುತ್ತದೆ, ಮಂಗ ಮನೆ ಹತ್ತಿರ ಬಂದರೆ ಬರುತ್ತದೆ ಎಂದುಕೊಳ್ಳುತ್ತಾರೆ. ಮಂಗನನ್ನು ಓಡಿಸಿದರೆ ಅಪಾಯ ಮುಗಿಯಿತು ಎಂದು ನಂಬುತ್ತಾರೆ. ನಿಜವಾದ ಸಂಗತಿ ಬೇರೆ. ಕಾಯಿಲೆಯನ್ನು ಹರಡುವುದು ಉಣುಗು. ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದಾದ ಮರಿ ಉಣುಗು. ಮುಸುವ ಮತ್ತು ಕೆಂಪು ಮೂತಿಯ ಮಂಗಗಳು ಈ ವೈರಸ್‌ಗೆ ನಮಗಿಂತ ಮೊದಲು ಬಲಿಯಾಗುತ್ತವೆ. ಮಂಗ ಸತ್ತಾಗ ಅದರ ಮೈಮೇಲಿದ್ದ ಸೋಂಕಿತ ಉಣುಗುಗಳು ಕೆಳಗೆ ಉದುರಿ ಆ ಜಾಗದಲ್ಲೆಲ್ಲ ಹರಡಿಕೊಳ್ಳುತ್ತವೆ. ಅಲ್ಲಿ ಸೌದೆಗೆ, ದರಗಿಗೆ, ದನ ಮೇಯಿಸುವುದಕ್ಕೆ ಹೋದವರಿಗೆ ಕಚ್ಚುತ್ತವೆ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಜ್ವರ ಬಂದವರನ್ನು ದೂರ ಇಡುವ ಅಗತ್ಯವೇ ಇಲ್ಲ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಹಿಂಡಿದಂಥ ನೋವು ಬರುತ್ತದೆ. ಕೆಲವರಿಗೆ ರಕ್ತಸ್ರಾವವಾಗುತ್ತದೆ. ಸೋಂಕಿತರಾದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಬೇಗ ಆಸ್ಪತ್ರೆಗೆ ಹೋದರೆ ಲಕ್ಷಣಗಳಿಗೆ ಚಿಕಿತ್ಸೆ ಕೊಟ್ಟು ಉಳಿಸಬಹುದು. ಮೊದಲು ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಲಾಗಿದೆ. ಹಾಗಾದರೆ ಉಳಿದಿರುವ ರಕ್ಷಣೆ ಏನು? ಕಾಡಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳುವುದು, ಮೈ ಮುಚ್ಚುವ ಬಟ್ಟೆ ಹಾಕುವುದು, ಬಂದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸುವುದು, ಜ್ವರ ಬಂದರೆ ಕಾಯದೆ ಹೋಗುವುದು. ಅಂದರೆ ಈ ಹೊತ್ತಿಗೆ ಮಂಗನ ಕಾಯಿಲೆಗೆ ಇರುವ ದೊಡ್ಡ ರಕ್ಷಣೆ ಒಂದಷ್ಟು ಸರಿಯಾದ ಮಾತುಗಳು. ಆ ಮಾತು ತಲುಪಬೇಕಾದವರಿಗೆ ತಲುಪಬೇಕು.

ಕಾಯಿಲೆ ಹೆಚ್ಚಾಗುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ನಮ್ಮಲ್ಲಿ ಕಾಫಿ ಕುಯ್ಲಿನ ಕಾಲವೂ ಆಗಲೇ ಬರುತ್ತದೆ. ತೋಟದ ಲೈನ್ ಮನೆಗಳಲ್ಲಿ ಉತ್ತರ ಕರ್ನಾಟಕದವರು, ತಮಿಳು ಮಾತಾಡುವವರು, ದೂರದ ಅಸ್ಸಾಮಿನಿಂದ ಬಂದವರು ಇರುತ್ತಾರೆ. ಅವರ ಊರಿನಲ್ಲಿ ಈ ಕಾಯಿಲೆಯ ಹೆಸರನ್ನೂ ಕೇಳಿರುವುದಿಲ್ಲ. ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಿದ ಭಿತ್ತಿಪತ್ರ ಅವರಿಗೆ ಏನು ಹೇಳೀತು? ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಇಳಿದು ಸಂಜೆ ಹಣ್ಣು ಅಳೆದುಕೊಟ್ಟು ಬಂದವರಿಗೆ ಭಿತ್ತಿಪತ್ರ ಓದುವ ಪುರುಸೊತ್ತಾದರೂ ಎಲ್ಲಿದೆ?

ನಾಟಕ ಮಾಡಬಲ್ಲ ಕೆಲಸ ಇಲ್ಲೇ ಇದೆ. ಹತ್ತು ನಿಮಿಷದ ಒಂದು ಬೀದಿ ನಾಟಕವನ್ನು ಊಹಿಸಿಕೊಳ್ಳಿ. ಅದರಲ್ಲಿ ಮಂಗ ಖಳನಾಯಕನಾಗಿ ಬರಬಾರದು. ಮೊದಲ ರೋಗಿಯಾಗಿ ಬರಬೇಕು. "ನನಗೂ ಜ್ವರ, ನನ್ನನ್ನು ಯಾಕೆ ಬೈಯುತ್ತೀರಿ?" ಎಂದು ಅದು ಕೇಳಬೇಕು. ಖಳನಾಯಕ ಉಣುಗು. ಅದು ಎಷ್ಟು ಚಿಕ್ಕದೆಂದರೆ ರಂಗದ ಮೇಲೆ ಯಾರಿಗೂ ಕಾಣುವುದಿಲ್ಲ, ಬರೀ ದನಿ ಕೇಳುತ್ತದೆ. ಈ ಒಂದು ಉಪಾಯದಿಂದ ಇಡೀ ಪಾಠ ಬದಲಾಗುತ್ತದೆ. ನೋಡಿದ ಮಗುವಿಗೂ ಶತ್ರು ಯಾರು ಎಂಬುದು ಮರೆಯುವುದಿಲ್ಲ. ಭಿತ್ತಿಪತ್ರದ ಎಂಟು ಅಂಶಗಳು ನೆನಪಿನಲ್ಲಿ ಉಳಿಯದಿರಬಹುದು, ಕಾಣದ ದನಿಯೊಂದು ಉಳಿಯುತ್ತದೆ.

ನಮ್ಮವರು ಮಾಡಿದ ಕೆಲಸ

ಇದು ನಾನು ಕಂಡುಹಿಡಿದ ಉಪಾಯವೇನಲ್ಲ. ಕರ್ನಾಟಕದಲ್ಲಿ ಬೀದಿ ನಾಟಕಗಳಿಗೆ ಒಳ್ಳೆಯ ಪರಂಪರೆ ಇದೆ. 1975ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಸಮುದಾಯ' ತಂಡ ನಾಟಕವನ್ನು ಸಭಾಂಗಣದಿಂದ ಬೀದಿಗೆ ತಂದಿತು. ಅಲ್ಲಿಂದ ಮುಂದೆ ಜಾಥಾ, ಬೀದಿ ನಾಟಕ ಎಂಬ ಮಾತುಗಳು ಹಳ್ಳಿಹಳ್ಳಿಗೂ ಪರಿಚಯವಾದವು. ಸಾಕ್ಷರತೆ, ಲಸಿಕೆ, ಏಡ್ಸ್, ಕ್ಷಯ ಹೀಗೆ ಎಲ್ಲ ಆಂದೋಲನಗಳೂ ಆ ದಾರಿಯನ್ನು ಬಳಸಿಕೊಂಡಿವೆ. 2020ರಲ್ಲಿ ಕೊರೋನಾ ಬಂದಾಗ ಕಾಸರಗೋಡಿನ ಸಿರಿಬಾಗಿಲು ವೆಂಕಪ್ಪಯ್ಯ ಸಾಂಸ್ಕೃತಿಕ ಪ್ರತಿಷ್ಠಾನದವರು ಯಕ್ಷಗಾನದಲ್ಲೇ ಕೊರೋನಾ ಜಾಗೃತಿ ಮೂಡಿಸಿದರು. ರಾಕ್ಷಸ ವೇಷ, ಅಬ್ಬರದ ಪ್ರವೇಶ, ಚೆಂಡೆಯ ಸದ್ದು ಎಲ್ಲವೂ ಕರಾವಳಿಯ ಜನರಿಗೆ ಮೊದಲೇ ಗೊತ್ತು. ಅಂಥ ಪರಿಚಿತ ಆಟದಲ್ಲಿ ಹೊಸ ಕಾಯಿಲೆಯ ಬಗ್ಗೆ ಹೇಳಿದರೆ ಜನ ಕುಳಿತು ಕೇಳುತ್ತಾರೆ.

ಬರವಣಿಗೆಯಲ್ಲಿ ಈ ಕೆಲಸ ಮಾಡಿದವರಲ್ಲಿ ಡಾ. ಅನುಪಮಾ ನಿರಂಜನ ಅವರನ್ನು ನಾವು ನೆನೆಯಲೇಬೇಕು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಅವರೂ ಮಲೆನಾಡಿನವರೇ. ಅವರು ವೈದ್ಯೆಯೂ ಹೌದು, ಕಾದಂಬರಿಕಾರ್ತಿಯೂ ಹೌದು. ಗರ್ಭಿಣಿಯ ಆರೈಕೆ, ಹೆರಿಗೆ, ಮಗುವಿನ ಪಾಲನೆ, ದಾಂಪತ್ಯ ಇವುಗಳ ಬಗ್ಗೆ ಹೆಣ್ಣುಮಕ್ಕಳು ಮನೆಯಲ್ಲಿ ಬಾಯಿಬಿಟ್ಟು ಕೇಳಲಾಗದ ಕಾಲದಲ್ಲಿ 'ತಾಯಿ ಮಗು', 'ವಧುವಿಗೆ ಕಿವಿಮಾತು', 'ದಾಂಪತ್ಯ ದೀಪಿಕೆ'ಯಂಥ ಪುಸ್ತಕಗಳನ್ನು ತಿಳಿಗನ್ನಡದಲ್ಲಿ ಬರೆದರು. ಆಸ್ಪತ್ರೆಗೆ ಬಂದವರಿಗೆ ಮಾತ್ರ ಹೇಳಬಹುದಾಗಿದ್ದ ಮಾತನ್ನು ಪುಸ್ತಕದ ಮೂಲಕ ಆಸ್ಪತ್ರೆಗೇ ಬಾರದವರಿಗೂ ತಲುಪಿಸಿದರು. ಮಕ್ಕಳಿಗಾಗಿ 'ದಿನಕ್ಕೊಂದು ಕಥೆ'ಯನ್ನು ಬರೆದವರೂ ಅವರೇ. 1991ರಲ್ಲಿ ಅವರು ತೀರಿಕೊಂಡರು.

ಅವರಿಗಿಂತ ಮೊದಲು ಡಾ. ಎಂ. ಶಿವರಾಂ ಇದ್ದರು. 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈ ವೈದ್ಯರು 1942ರಲ್ಲಿ 'ಕೊರವಂಜಿ' ಎಂಬ ಹಾಸ್ಯ ಪತ್ರಿಕೆಯನ್ನು ಆರಂಭಿಸಿ ಇಪ್ಪತ್ತೈದು ವರ್ಷ ನಡೆಸಿದರು. 'ಮನೋನಂದನ'ದಲ್ಲಿ ಮನಸ್ಸಿನ ವ್ಯಾಪಾರಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ನಮ್ಮ ಕಾಲದಲ್ಲಿ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮಾನಸಿಕ ಆರೋಗ್ಯದ ಬಗ್ಗೆ ನೂರಾರು ಕನ್ನಡ ಪುಸ್ತಕಗಳನ್ನು ಬರೆದಿದ್ದಾರೆ. ಪಕ್ಕದ ಮೂಡಿಗೆರೆಯಲ್ಲೇ ಬದುಕಿ ಬರೆದ ಪೂರ್ಣಚಂದ್ರ ತೇಜಸ್ವಿಯವರು ವೈದ್ಯರಲ್ಲ. ಆದರೆ ವಿಜ್ಞಾನವನ್ನು ಕಥೆಯ ಹಾಗೆ ಹೇಳಬಹುದು ಎಂದು ನಮಗೆಲ್ಲ ತೋರಿಸಿಕೊಟ್ಟವರು ಅವರು. ಇವರೆಲ್ಲರಿಂದ ನಾನು ಕಲಿತದ್ದು ಒಂದೇ. ಸರಿಯಾದ ಮಾಹಿತಿ ಇದ್ದರೆ ಸಾಲದು, ಅದು ಕೇಳುವವರ ಭಾಷೆಯಲ್ಲಿ ಇರಬೇಕು.

ಒಳಗಿನ ಮಾತು ಹೊರಗೆ

ಈಗ ಎರಡನೆಯ ಕೆಲಸಕ್ಕೆ ಬರುತ್ತೇನೆ. ಇದು ನಮ್ಮ ಅಜ್ಜಿಯಂದಿರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ತವರಿನ ನೆನಪು, ಅತ್ತೆ ಮನೆಯ ಕಷ್ಟ, ಸತ್ತ ಮಗುವಿನ ದುಃಖ ಎಲ್ಲವನ್ನೂ ಪದ ಕಟ್ಟಿ ಹಾಡುತ್ತಿದ್ದರು. ಯಾರಿಗೂ ನೇರವಾಗಿ ಹೇಳಲಾಗದ್ದನ್ನು ಕಲ್ಲಿಗೆ ಹೇಳಬಹುದಾಗಿತ್ತು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಸೇರಿ ಇಂಥ ಹಾಡುಗಳನ್ನು ಸಂಗ್ರಹಿಸಿದರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಉತ್ತರ ಕರ್ನಾಟಕದಲ್ಲಿ ಮೊಹರಂ ಸಮಯದಲ್ಲಿ ಹಾಡುವ ರಿವಾಯತ್ ಪದಗಳೂ ಹೀಗೆಯೇ. ಕನ್ನಡದಲ್ಲಿರುವ ಆ ಶೋಕದ ಹಾಡುಗಳನ್ನು ಹಿಂದೂ ಮುಸ್ಲಿಮರು ಕೂಡಿಯೇ ಹಾಡುತ್ತಾರೆ. ದುಃಖವನ್ನು ಊರೆಲ್ಲ ಸೇರಿ ಹೊರಗೆ ಹಾಕುವ ದಾರಿ ಅದು. ಈಗ ಬೀಸುವ ಕಲ್ಲು ಹೋಗಿ ಮಿಕ್ಸಿ ಬಂದಿದೆ. ಅದು ಒಳ್ಳೆಯದೇ, ಕೈನೋವು ತಪ್ಪಿತು. ಆದರೆ ಕಲ್ಲಿನ ಜೊತೆಗೆ ಆ ಹಾಡೂ ಹೋಯಿತು, ದುಃಖ ಮಾತ್ರ ಉಳಿಯಿತು.

ಇದನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ನಮ್ಮ ಹಾಗೆಯೇ ಓದುತ್ತಿದ್ದ 46 ವಿದ್ಯಾರ್ಥಿಗಳನ್ನು ಆರಿಸಿಕೊಂಡು ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆಯಲು ಹೇಳಿದರು. ಕೆಲವರಿಗೆ ಸಾಮಾನ್ಯ ವಿಷಯಗಳನ್ನು ಕೊಟ್ಟರು. ಉಳಿದವರಿಗೆ ಬದುಕಿನಲ್ಲಿ ತಮ್ಮನ್ನು ಹೆಚ್ಚು ನೋಯಿಸಿದ ಘಟನೆಯ ಬಗ್ಗೆ ಬರೆಯಲು ಹೇಳಿದರು. ನಡೆದದ್ದನ್ನೂ ಅದರಿಂದ ತಮಗೆ ಅನಿಸಿದ್ದನ್ನೂ ಸೇರಿಸಿ ಬರೆದವರು ಬರೆದ ಹೊತ್ತಿನಲ್ಲಿ ಇನ್ನಷ್ಟು ಬೇಸರಗೊಂಡರು. ಆದರೆ ಮುಂದಿನ ತಿಂಗಳುಗಳಲ್ಲಿ ಕಾಯಿಲೆ ಎಂದು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಅವರು ಹೋದದ್ದು ಕಡಿಮೆ. ಆಮೇಲೆ ಬೇರೆ ಬೇರೆ ದೇಶಗಳಲ್ಲಿ ಇಂಥ ನೂರಾರು ಪ್ರಯೋಗಗಳು ನಡೆದಿವೆ. ಎಲ್ಲವನ್ನೂ ಕೂಡಿಸಿ ನೋಡಿದರೆ ಪ್ರಯೋಜನ ಇದೆ, ಆದರೆ ಅದು ದೊಡ್ಡದಲ್ಲ, ಎಲ್ಲರಿಗೂ ಒಂದೇ ಸಮನಾಗಿಯೂ ಇಲ್ಲ. ಈ ಮಾತನ್ನು ನಾವು ಮರೆಯಬಾರದು. ಬರವಣಿಗೆ ಮಾತ್ರೆಗೆ ಬದಲಿ ಅಲ್ಲ.

ಹಾಗಾದರೆ ಅದರಿಂದ ಏನು ಉಪಯೋಗ? ಇದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಖಾಲಾ, ಅಂದರೆ ಅಮ್ಮನ ತಂಗಿ, ಈ ಲೇಖನವನ್ನು ಓದಿ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಖಾಲಾ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದರು. ಮಗು ಚೆನ್ನಾಗಿತ್ತು. ಆದರೆ ಖಾಲಾ ದಿನೇ ದಿನೇ ಮಾತು ಕಡಿಮೆ ಮಾಡಿದರು. ಮಗು ಮಲಗಿದರೂ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಊಟ ಮುಂದಿಟ್ಟುಕೊಂಡು ಸುಮ್ಮನೆ ಅಳುತ್ತಿದ್ದರು. ನಾನಿ ನಜರ್ ಆಗಿದೆ ಎಂದರು. ಪಕ್ಕದ ಮನೆಯ ಅಜ್ಜಿ ಬಾಣಂತಿ ಸನ್ನಿ ಇರಬಹುದು, ಗಾಳಿಗೆ ಹೊರಗೆ ಬಿಡಬೇಡಿ ಎಂದರು. ಇನ್ನೊಬ್ಬರು, ಇಷ್ಟು ಚೆಂದದ ಮಗು ಕೊಟ್ಟಿರುವಾಗ ಅಳುವುದು ನಾಶುಕ್ರಿ ಎಂದು ಬೈದರು. ಮಗುವಿನ ತೂಕ ನೋಡಲು ಬಂದ ಆಶಾ ಅಕ್ಕ, "ನೀವು ಹೇಗಿದ್ದೀರಿ?" ಎಂದು ಕೇಳಿದಾಗ ಖಾಲಾ "ಚೆನ್ನಾಗಿದ್ದೀನಿ" ಎಂದರು. ಸುತ್ತ ನಾಲ್ಕು ಜನ ಕುಳಿತಿದ್ದರು. ಬೇರೆ ಏನು ಹೇಳಿಯಾರು?

ಆಶಾ ಅಕ್ಕ ಹೋಗುವಾಗ ಮೆಲ್ಲಗೆ ಒಂದು ಮಾತು ಹೇಳಿದರು. "ಬಾಯಲ್ಲಿ ಹೇಳೋಕೆ ಆಗದಿದ್ರೆ ಒಂದು ಹಾಳೇಲಿ ಬರೆದಿಡಮ್ಮ. ಮುಂದಿನ ಸಲ ನಾನು ಬಂದಾಗ ಕೊಡು." ಖಾಲಾ ಏಳನೇ ತರಗತಿಯವರೆಗೆ ಓದಿದವರು. ನನ್ನ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ರಾತ್ರಿ ಹೊತ್ತು ಬರೆದರು. ನಾನು ಅದನ್ನು ಓದಲಿಲ್ಲ, ಆ ಹಾಳೆ ನನಗಾಗಿ ಬರೆದದ್ದಲ್ಲ. ಮುಂದಿನ ವಾರ ಆಶಾ ಅಕ್ಕ ಅದನ್ನು ಓದಿದವರೇ ಖಾಲಾ ಹಾಗೂ ಅಮ್ಮನನ್ನು ಜೊತೆಗೆ ಕರೆದುಕೊಂಡು ವೈದ್ಯರ ಬಳಿಗೆ ಹೋದರು. ಅಲ್ಲಿಯೂ ಖಾಲಾ ಹೆಚ್ಚು ಮಾತಾಡಲಿಲ್ಲ, ಹಾಳೆಯನ್ನೇ ಮೇಜಿನ ಮೇಲಿಟ್ಟರು. ವೈದ್ಯರು ಓದಿ, "ಇದು ಕಾಯಿಲೆ ಕಣಮ್ಮ, ನಿನ್ನ ತಪ್ಪಲ್ಲ, ವಾಸಿಯಾಗುತ್ತೆ" ಎಂದರಂತೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ವಾಸಿಯಾದದ್ದು ಚಿಕಿತ್ಸೆಯಿಂದ, ಮನೆಯವರ ಆರೈಕೆಯಿಂದ. ಆದರೆ ಚಿಕಿತ್ಸೆಯವರೆಗೆ ಕರೆದುಕೊಂಡು ಹೋದದ್ದು ಎರಡು ಪುಟದ ಬರಹ.

ಖಾಲಾ ಒಬ್ಬರೇ ಅಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಭಾರತದ ತಾಯಂದಿರ ಬಗ್ಗೆ ಒಂದು ಲೇಖನ ಬಂದಿದೆ. 38 ಅಧ್ಯಯನಗಳನ್ನು, ಇಪ್ಪತ್ತು ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಹೆರಿಗೆಯ ನಂತರದ ಖಿನ್ನತೆ ಶೇ. 22ರಷ್ಟು ತಾಯಂದಿರಲ್ಲಿ ಕಂಡುಬಂದಿದೆ. ಅಂದರೆ ಹೆಚ್ಚು ಕಡಿಮೆ ಐವರಲ್ಲಿ ಒಬ್ಬರು. ನಮ್ಮ ಊರಿನಲ್ಲಿ ಐದು ತೊಟ್ಟಿಲು ಕಟ್ಟಿದರೆ ಒಂದು ತೊಟ್ಟಿಲ ಪಕ್ಕದಲ್ಲಿ ಹೀಗೆ ಮೌನವಾಗಿ ಅಳುವ ತಾಯಿ ಇರಬಹುದು. ಅವರಲ್ಲಿ ಎಷ್ಟು ಮಂದಿ "ಚೆನ್ನಾಗಿದ್ದೀನಿ" ಎಂದು ಹೇಳಿ ಸುಮ್ಮನಾಗುತ್ತಾರೋ!

ನಮ್ಮ ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ಬಗ್ಗೆ ನೀವೆಲ್ಲ ಕೇಳಿದ್ದೀರಿ. ಅವರ ಕಥೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಬಾನು ಅವರು ತಮ್ಮ 29ನೇ ವಯಸ್ಸಿನಲ್ಲಿ, ಮದುವೆಯಾಗಿ ಮನೆಗೆಲಸಕ್ಕೆ ಸೀಮಿತವಾಗಿದ್ದಾಗ, ಹೆರಿಗೆಯ ನಂತರದ ಖಿನ್ನತೆಯಿಂದ ಬಳಲಿದ್ದನ್ನು ಸಂದರ್ಶನಗಳಲ್ಲಿ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಆಮೇಲೆ ಅವರು ಪತ್ರಕರ್ತೆಯಾದರು, ವಕೀಲೆಯಾದರು, ಮನೆಯ ಗೋಡೆಗಳ ನಡುವೆ ಉಳಿದುಹೋಗುತ್ತಿದ್ದ ಹೆಣ್ಣುಮಕ್ಕಳ ಮಾತನ್ನು ಕಥೆಗಳಲ್ಲಿ ಬರೆದರು. ಅಷ್ಟು ದೊಡ್ಡ ಲೇಖಕಿ ಇದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ಖಾಲಾನಂಥವರಿಗೆ ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರಶಸ್ತಿಯ ಸುದ್ದಿ ಓದಿದ ದಿನ ಖಾಲಾ, "ಅವರಿಗೂ ಹೀಗೇ ಆಗಿತ್ತಾ?" ಎಂದು ಎರಡು ಸಲ ಕೇಳಿದರು.

ಮಾಡುವುದು ಹೇಗೆ?

ಓದಿ ಬಿಡುವುದಕ್ಕಿಂತ ಮಾಡಿ ನೋಡುವುದು ಒಳ್ಳೆಯದು. ಅದಕ್ಕಾಗಿ ನಾನು ತಿಳಿದುಕೊಂಡ ಕೆಲವು ನಿಯಮಗಳನ್ನು ಇಲ್ಲಿ ಕೊಡುತ್ತೇನೆ.

ಮೊದಲು ನಾಟಕ, ಹಾಡು, ಗೋಡೆಚಿತ್ರಗಳ ಬಗ್ಗೆ.

1. ಒಂದು ನಾಟಕದಲ್ಲಿ ಒಂದೇ ವಿಷಯ ಇರಲಿ. ಮಂಗನ ಕಾಯಿಲೆ, ಡೆಂಗಿ, ಕುಡಿತ ಎಲ್ಲವನ್ನೂ ಹತ್ತು ನಿಮಿಷದಲ್ಲಿ ತುರುಕಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

2. ಬರೆದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಥವಾ ಆರೋಗ್ಯ ಸಹಾಯಕರಿಗೆ ತೋರಿಸಿ. ಚೆಂದದ ಹಾಡಿನಲ್ಲಿ ಹೇಳಿದ ತಪ್ಪು ಮಾಹಿತಿ ಬರೀ ಮಾತಿನಲ್ಲಿ ಹೇಳಿದ ತಪ್ಪಿಗಿಂತ ಹೆಚ್ಚು ದಿನ ಬದುಕುತ್ತದೆ.

3. ಕೇಳುವವರ ಭಾಷೆಯಲ್ಲಿ ಹೇಳಿ. ನಮ್ಮ ತರಗತಿಯಲ್ಲೇ ಕನ್ನಡ, ತುಳು, ಬ್ಯಾರಿ, ಉರ್ದು, ತಮಿಳು, ಕೊಂಕಣಿ ಮನೆಮಾತಿನವರು ಇದ್ದೇವೆ. ಇದು ಎಷ್ಟೋ ದೊಡ್ಡ ಕಾಲೇಜುಗಳಿಗೂ ಇಲ್ಲದ ಸಂಪತ್ತು.

4. ರೋಗಿಯನ್ನು ನಗೆಪಾಟಲು ಮಾಡಬೇಡಿ. ಊರಿನ ಯಾರನ್ನೂ ಹೋಲುವ ಪಾತ್ರ ಬೇಡ. ಕಾಯಿಲೆಗೆ ಹೆದರಿ ಮುಚ್ಚಿಟ್ಟವರು ನಮ್ಮ ನಾಟಕ ನೋಡಿ ಇನ್ನಷ್ಟು ಮುಚ್ಚಿಡುವಂತಾಗಬಾರದು.

5. ಕೊನೆಯಲ್ಲಿ ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳಿ. ಎಣ್ಣೆ ಹಚ್ಚಿಕೊಳ್ಳಿ ಎಂದು ಹಾಡಿದರೆ ಆ ಎಣ್ಣೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳಬೇಕು. ಅದು ಅಲ್ಲಿ ನಿಜವಾಗಿಯೂ ಸಿಗಬೇಕು. ಸಿಗದಿದ್ದರೆ ಪಂಚಾಯಿತಿಗೆ ಅರ್ಜಿ ಬರೆಯುವುದೂ ನಮ್ಮ ಬರವಣಿಗೆಯ ಕೆಲಸವೇ.

ಇನ್ನು ತಮಗಾಗಿ ಬರೆದುಕೊಳ್ಳುವುದರ ಬಗ್ಗೆ.

1. ಹದಿನೈದು ನಿಮಿಷ ಸಾಕು. ಕಾಗುಣಿತ, ವ್ಯಾಕರಣ, ಅಂದದ ಅಕ್ಷರ ಯಾವುದರ ಚಿಂತೆಯೂ ಬೇಡ. ಇದಕ್ಕೆ ಅಂಕ ಕೊಡುವವರಿಲ್ಲ.

2. ಏನಾಯಿತು ಎಂಬುದರ ಜೊತೆಗೆ ನಿಮಗೆ ಏನನಿಸಿತು ಎಂಬುದನ್ನೂ ಬರೆಯಿರಿ. ಮನೆಮಾತಿನಲ್ಲೇ ಬರೆಯಿರಿ.

3. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಹರಿದು ಹಾಕಿದರೂ ಸರಿ. ಆದರೆ ಖಾಲಾ ಮಾಡಿದಂತೆ ನಂಬುಗೆಯ ಒಬ್ಬರಿಗೆ ತೋರಿಸಿದರೆ ದಾರಿ ತೆರೆಯಬಹುದು.

4. ಬರೆಯುವಾಗ ಸಂಕಟ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ. ಈಗಷ್ಟೇ ಆದ ದೊಡ್ಡ ಆಘಾತದ ಬಗ್ಗೆ ಬರೆ ಎಂದು ಯಾರನ್ನೂ ಒತ್ತಾಯಿಸಬಾರದು. ಬೇರೆಯವರ ಡೈರಿಯನ್ನು ತೆರೆದು ಓದಬಾರದು.

5. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಬೇಡ, ಬದುಕೇ ಬೇಡ ಎನಿಸುತ್ತಿದ್ದರೆ ಬರವಣಿಗೆ ಸಾಲದು, ವೈದ್ಯರೇ ಬೇಕು. ಬದುಕೇ ಬೇಡ ಎಂಬ ಯೋಚನೆ ಬಂದರಂತೂ ಎರಡು ವಾರ ಕಾಯಲೇಬೇಡಿ, ಕೂಡಲೇ ಹೇಳಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಕೊನೆಯ ಅಂಶವನ್ನು ದ್ವಿತೀಯ ಪಿಯುಸಿಯಲ್ಲಿರುವ ನನ್ನ ಸಹಪಾಠಿಗಳು ದಯವಿಟ್ಟು ಇನ್ನೊಮ್ಮೆ ಓದಬೇಕು. ಪರೀಕ್ಷೆ, ಫಲಿತಾಂಶ, ಮನೆಯವರ ನಿರೀಕ್ಷೆ ಇವೆಲ್ಲದರ ಭಾರ ನಮ್ಮ ಮೇಲಿದೆ. ಪ್ರತಿ ವರ್ಷ ಫಲಿತಾಂಶದ ಮರುದಿನ ಪತ್ರಿಕೆಯ ಮೂಲೆಯಲ್ಲಿ ಬರುವ ಸಣ್ಣ ಸಣ್ಣ ಸುದ್ದಿಗಳನ್ನು ನಾವು ಓದಿದ್ದೇವೆ. ಆ ಹುಡುಗ ಹುಡುಗಿಯರು ಯಾರಿಗಾದರೂ ಎರಡು ಸಾಲು ಬರೆದು ಕೊಟ್ಟಿದ್ದರೆ ಎಂದು ನನಗೆ ಪ್ರತಿ ಸಲವೂ ಅನಿಸುತ್ತದೆ. ಮಾತಾಡಲು ನಾಚಿಕೆಯಾದರೆ ಬರೆಯಿರಿ. ಬರೆದದ್ದನ್ನು ಒಬ್ಬ ಗೆಳತಿಗೆ, ಒಬ್ಬ ಉಪನ್ಯಾಸಕರಿಗೆ, ಅಣ್ಣನಿಗೆ, ಅಮ್ಮನಿಗೆ ಕೊಡಿ. ಅದನ್ನು ಪಡೆದವರು ಬುದ್ಧಿ ಹೇಳುವುದಕ್ಕಿಂತ ಮೊದಲು ಪೂರ್ತಿ ಓದಲಿ.

ಕಾಫಿ ಕುಯ್ಲಿಗೆ ಇನ್ನು ಹೆಚ್ಚು ದಿನಗಳಿಲ್ಲ. ಅಷ್ಟರೊಳಗೆ ಲೈನ್ ಮನೆಗಳ ಮುಂದೆ ಆಡಬಹುದಾದ ಹತ್ತು ನಿಮಿಷದ ಒಂದು ನಾಟಕವನ್ನು ಸಿದ್ಧಪಡಿಸಬೇಕೆಂಬ ಆಸೆ ನನಗಿದೆ. ತೋಟದ ಮಾಲೀಕರ ಒಪ್ಪಿಗೆ ಕೇಳಬೇಕು, ಆರೋಗ್ಯ ಕೇಂದ್ರದವರಿಗೆ ಬರಹ ತೋರಿಸಬೇಕು. ತಮಿಳು ಬಲ್ಲವರು ಇಬ್ಬರು, ಹಿಂದಿ ಚೆನ್ನಾಗಿ ಮಾತಾಡುವವರು ಇಬ್ಬರು, ದಫ್ ಬಾರಿಸುವವರು ಒಬ್ಬರು, ಚಿತ್ರ ಬಿಡಿಸುವವರು ಎಷ್ಟು ಜನವಾದರೂ ಬೇಕು. ವಿಜ್ಞಾನ ವಿಭಾಗದವರಿಗೂ ಸ್ವಾಗತ, ಉಣುಗಿನ ಜೀವನಚಕ್ರವನ್ನು ನಮಗೆ ಬಿಡಿಸಿ ಹೇಳುವವರು ನೀವೇ. ಕಾಣದೆ ಮಾತಾಡುವ ಉಣುಗಿನ ದನಿಗೆ ಸ್ವಲ್ಪ ಕೀರಲು ಗಂಟಲಿನವರು ಸಿಕ್ಕರೆ ಇನ್ನೂ ಒಳ್ಳೆಯದು. ಆಸಕ್ತಿ ಇರುವವರು ಕನ್ನಡ ವಿಭಾಗದಲ್ಲಿ ಹೆಸರು ಕೊಡಿ.